ಗೋಕುಲ ರಸ್ತೆಯ ಮನೆಯೋ, ಬೆಟಗೇರಿಯ ಸ್ಲ್ಯಾಬೋ?

ಓದುಗರ ಪತ್ರ (ಚಿಕ್ಕದು ಮಾಡಿ ಕೊಟ್ಟಿದ್ದೇವೆ): "ನಾನು ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರ. ಹೆಂಡತಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಮಾಳಮಡ್ಡಿಯಲ್ಲಿ 12,000 ರೂಪಾಯಿ ಬಾಡಿಗೆ ಕೊಟ್ಟು ಇದ್ದೇವೆ. 27 ಲಕ್ಷ ಕೂಡಿಟ್ಟಿದ್ದೇವೆ. ಹುಬ್ಬಳ್ಳಿ ಗೋಕುಲ ರಸ್ತೆ ಕಡೆ 30-40 ಸೈಟಿನಲ್ಲಿ ಕೆಳಗೊಂದು, ಮೇಲೊಂದು ಮನೆ ಇರುವ ಕಟ್ಟಡ ನೋಡಿದ್ದೇವೆ. 62 ಲಕ್ಷ ಹೇಳುತ್ತಾರೆ. ಕೆಳಗೆ 11,000, ಮೇಲೆ 9,000 ಬಾಡಿಗೆ ಬರುತ್ತಿದೆ. ಅದೇ ರೇಟಿಗೆ ಬೈಪಾಸ್ ಹತ್ತಿರ ಹೊಸ ಡುಪ್ಲೆಕ್ಸೂ ಇದೆ. ಅಮೆರಿಕದವರ ವಿಡಿಯೊಗಳಲ್ಲಿ ಬಾಡಿಗೆಯಿಂದಲೇ ಸಾಲ ತೀರಿಸಿ ಎರಡನೇ ಮನೆ, ಮೂರನೇ ಮನೆ ಕೊಳ್ಳುತ್ತಾರೆ. ನಮ್ಮ ಬಾಡಿಗೆಯೂ ಕಂತು ಕಟ್ಟುತ್ತದಾ? ಖರೀದಿ ಯಾರ ಹೆಸರಲ್ಲಿ ಮಾಡಬೇಕು? ಗದಗ-ಬೆಟಗೇರಿಯಲ್ಲಿ ಅಪ್ಪನ ಮನೆ ಇದೆ. ಮೇಲೆ ಬರೀ ಸ್ಲ್ಯಾಬು, ಕಂಬದ ಸರಳು ಹಾಗೇ ನಿಂತಿವೆ. ಅದನ್ನು ಮುಂದೆ ನೋಡಿದರಾಯ್ತು ಅಂತ ಬಿಟ್ಟಿದ್ದೇವೆ." — ಹೆಸರು ಬೇಡ, ಧಾರವಾಡ

ಮಾಸ್ತರರೇ,

ಗೋಕುಲ ರಸ್ತೆಯ ಮನೆಯ ಬಾಡಿಗೆ ಅದರ ಕಂತನ್ನು ಕಟ್ಟುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಟ್ಟುತ್ತದೆ, ಅಷ್ಟೇ. ಉಳಿದದ್ದು ನಿಮ್ಮಿಬ್ಬರ ಸಂಬಳದಿಂದ ಹೋಗಬೇಕು.

ಲೆಕ್ಕ ಹಾಕೋಣ. ಮನೆಗೆ 62 ಲಕ್ಷ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಸೇರಿ ನೂರಕ್ಕೆ 5.6. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಆಗಿದೆ. ಒಟ್ಟು 7.6. ಅಂದರೆ 4 ಲಕ್ಷ 71 ಸಾವಿರ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೈಯಿಂದಲೇ ಹಾಕಬೇಕು. ನೀವು 22 ಲಕ್ಷ ಹಾಕಿ 40 ಲಕ್ಷ ಸಾಲ ಮಾಡಿದಿರಿ ಅಂದುಕೊಳ್ಳಿ. ಮನೆ ನಿಮ್ಮದಾದ ದಿನ ಖಾತೆಯಲ್ಲಿ ಉಳಿಯುವುದು ಮೂವತ್ತು ಸಾವಿರ ರೂಪಾಯಿಯೂ ಇಲ್ಲ. ಮರುದಿನ ಬೋರಿನ ಮೋಟಾರು ಸುಟ್ಟರೆ ಸಾಕು, ಮತ್ತೆ ಕೈಗಡ ಕೇಳಬೇಕು.

40 ಲಕ್ಷಕ್ಕೆ ಎಂಟೂವರೆ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 34,700. ಮೊದಲ ಕಂತಿನಲ್ಲಿ 28,300 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 6,400 ಮಾತ್ರ. ಬಾಡಿಗೆ ಬರುವುದು 20,000. ಅದೂ ಎರಡೂ ಮನೆ ಹನ್ನೆರಡು ತಿಂಗಳೂ ತುಂಬಿದ್ದರೆ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿಯಿರಿ. ಮನೆ ತೆರಿಗೆಗೆ 10,000, ಬಣ್ಣ, ನಳ, ಟಾಕಿ, ಸಣ್ಣಪುಟ್ಟ ರಿಪೇರಿಗೆ 25,000 ತೆಗೆದಿಡಿ. ವರ್ಷಕ್ಕೆ ಉಳಿಯುವುದು 1 ಲಕ್ಷ 85 ಸಾವಿರ. ನೀವು ಹಾಕಿದ ಒಟ್ಟು ದುಡ್ಡಿಗೆ ಅದು ನೂರಕ್ಕೆ 2.8ರ ಹತ್ತಿರ. ಎಂಟೂವರೆಗೆ ಸಾಲ ತಂದು ಮೂರೂ ಸಿಗದ ಕಡೆ ಹಾಕಿದ ಹಾಗಾಯ್ತು ಅಲ್ವಾ?

ವಿಡಿಯೊದವರು ಸುಳ್ಳು ಹೇಳುತ್ತಾರೆ ಅಂತ ನಾನು ಅನ್ನುವುದಿಲ್ಲ. ಅವರ ಊರಿನ ಲೆಕ್ಕವೇ ಬೇರೆ. ಅಲ್ಲಿ ಎಫ್‌ಎಚ್‌ಎ ಅಂತ ಸರ್ಕಾರಿ ವಿಮೆ ಇರುವ ಸಾಲವಿದೆ. ನಾಲ್ಕು ಮನೆಗಳವರೆಗಿನ ಕಟ್ಟಡ ಕೊಂಡು, ಒಂದರಲ್ಲಿ ತಾವೇ ಇದ್ದರೆ, ಅರ್ಹತೆ ಇದ್ದವರು ನೂರಕ್ಕೆ ಮೂರೂವರೆ ಮಾತ್ರ ಕೈಯಿಂದ ಹಾಕಿದರೆ ಸಾಕು. ನಮ್ಮಲ್ಲಿ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆ ಬೆಲೆಯ ನೂರಕ್ಕೆ 80. ಅಲ್ಲಿ 30 ವರ್ಷ ಬದಲಾಗದ ಬಡ್ಡಿ ಸಿಗುತ್ತದೆ. ನಮ್ಮ ಗೃಹಸಾಲ ಬಹುಪಾಲು ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿಗೆ, ಕಟ್ಟಿಕೊಂಡಿರುತ್ತದೆ. ಆ ದರ 2022ರ ಏಪ್ರಿಲ್‌ನಲ್ಲಿ 4 ಇದ್ದದ್ದು 2023ರ ಫೆಬ್ರವರಿಗೆ 6.5 ಆಯಿತು. ಕಂತು ಏರದವರಿಗೆ ವರ್ಷಗಳು ಏರಿದವು. ಅಲ್ಲಿಯವರದ್ದು ಇನ್ನೊಂದು ಲೆಕ್ಕವೂ ಇದೆ: ತಿಂಗಳ ಬಾಡಿಗೆ ಬೆಲೆಯ ನೂರಕ್ಕೆ ಒಂದರಷ್ಟಾದರೂ ಇರಬೇಕು. ಆ ಲೆಕ್ಕದಲ್ಲಿ ನಿಮ್ಮ ಮನೆಗೆ 62,000 ಬಾಡಿಗೆ ಬರಬೇಕು. ಗೋಕುಲ ರಸ್ತೆಯಲ್ಲಿ ಎರಡು ಸಂಸಾರದಿಂದ ಅಷ್ಟು ಯಾರು ಕೊಡ್ತಾರೆ?

ಹಾಗಾದರೆ ಹುಬ್ಬಳ್ಳಿಯಲ್ಲಿ ಜನ ಯಾಕೆ ಕೊಳ್ಳುತ್ತಾರೆ? ಜಾಗದ ರೇಟು ಏರುತ್ತದೆ ಅಂತ. ಅದು ತಪ್ಪಲ್ಲ. ಆದರೆ ಅದನ್ನು ಬಾಡಿಗೆ ಆದಾಯ ಅಂತ ಕರೆಯಬಾರದು. ರೇಟು ಏರಿದರೂ ಮನೆ ಮಾರುವವರೆಗೆ ಆ ದುಡ್ಡು ಕೈಗೆ ಬರುವುದಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಬೈಪಾಸ್ ಹತ್ತಿರದ ಡುಪ್ಲೆಕ್ಸ್ ಬಿಟ್ಟುಬಿಡಿ. ಮೆಟ್ಟಿಲು ಹಾಲ್ ಒಳಗಿದ್ದರೆ ಒಂದೇ ಸಂಸಾರಕ್ಕೆ ಕೊಡಬೇಕು. ಅಷ್ಟು ದೊಡ್ಡ ಮನೆ ಬೇಕೆನ್ನುವವರು ನಮ್ಮೂರಲ್ಲಿ ಕಡಿಮೆ, ಇದ್ದರೂ ಸ್ವಂತ ಕೊಳ್ಳುವವರೇ. ಖಾಲಿ ಬಿದ್ದರೆ ಪೂರ್ತಿ ಖಾಲಿ. ಮೆಟ್ಟಿಲು ಹೊರಗಿರುವ ಎರಡು ಮನೆಯಾದರೆ ಮೇಲಿನವರು ಬಿಟ್ಟರೂ ಕೆಳಗಿನ ಬಾಡಿಗೆ ಬರುತ್ತಿರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ನೀವು ಸುಮ್ನೆ ಬರೆದ ಕೊನೆಯ ಮಾತು. ಬೆಟಗೇರಿಯ ಸ್ಲ್ಯಾಬು.

ಅಲ್ಲಿ ಜಾಗ ಕೊಳ್ಳಬೇಕಿಲ್ಲ. ಬುನಾದಿ ಇದೆ, ಕಂಬ ಇದೆ, ನೀರಿನ ನಳ ಇದೆ, ರಸ್ತೆ ಇದೆ. ಮೇಲೆ 700 ಚದರ ಅಡಿಯ ಮನೆ, ಅಡಿಗೆ 2,000 ಖರ್ಚು ಅಂತ ಹಿಡಿದರೆ 14 ಲಕ್ಷ. ಬಾಡಿಗೆ ಹುಬ್ಬಳ್ಳಿಯಷ್ಟು ಬರುವುದಿಲ್ಲ. 6,500 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 78,000. ಹಾಕಿದ ದುಡ್ಡಿಗೆ ನೂರಕ್ಕೆ ಐದೂವರೆ. ಗೋಕುಲ ರಸ್ತೆಯ ಮನೆಗೆ ಖರ್ಚು ಕಳೆಯದೇ ನೋಡಿದರೂ ನೂರಕ್ಕೆ 3.6 ಕಂಡೀತು, ಅಷ್ಟೇ. ಮುಖ್ಯವಾಗಿ ಸಾಲ ಬೇಡ, ನಿಮ್ಮ ಕೈಯಲ್ಲಿ 13 ಲಕ್ಷ ಉಳಿಯುತ್ತದೆ. ಬಾಡಿಗೆ ಮನೆ ನಡೆಸುವುದು ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದೂ ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಗದಗ ಜಿಲ್ಲೆಯಾಗಿದ್ದು 1997ರಲ್ಲಿ. ಆಮೇಲೆ ಜಿಲ್ಲಾ ಕಚೇರಿಗಳು ಬಂದವು, ಸರ್ಕಾರಿ ವೈದ್ಯಕೀಯ ಕಾಲೇಜು ಬಂತು, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಬಂತು. ವರ್ಗವಾಗಿ ಬರುವ ನೌಕರರು, ನರ್ಸುಗಳು, ಗುಮಾಸ್ತರು ಸಣ್ಣ ಮನೆಯನ್ನೇ ಹುಡುಕುತ್ತಾರೆ.

ಆದರೆ ಮೊದಲು ಸರಳು ನೋಡಿಸಿ. ಎಷ್ಟೋ ವರ್ಷ ಮಳೆ-ಬಿಸಿಲಿಗೆ ನಿಂತ ಸರಳು ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತದೆ. ತಂತಿ ಬ್ರಷ್ಷಿನಿಂದ ತಿಕ್ಕಿದಾಗ ಬರೀ ಕೆಂಪು ಪುಡಿ ಬಂದರೆ ಪರವಾಗಿಲ್ಲ. ಸಿಪ್ಪೆ ಎದ್ದು ಸರಳೇ ಸಣ್ಣದಾಗಿದ್ದರೆ ಅದರ ಮೇಲೆ ಹೊಸ ಕಂಬ ಎಬ್ಬಿಸಬಾರದು. "ಏನೂ ಆಗಂಗಿಲ್ರಿ ಸರ್, ವೆಲ್ಡಿಂಗ್ ಹೊಡದ್ರ ಮುಗೀತು" ಅಂತ ಗೌಂಡಿ ಹೇಳಿದರೆ ಒಪ್ಪಬೇಡಿ. ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ ಬುನಾದಿ ಒಂದು ಕಡೆ ಅಗೆಸಿ ನೋಡಿಸಿ. ಎರೆ ಮಣ್ಣು ದಾಟಿ ಗಟ್ಟಿ ಗರಸಿನವರೆಗೆ ಇಳಿಸಿದ್ದಾರಾ, ಇನ್ನೊಂದು ಮಹಡಿ ತಡೆಯುತ್ತದಾ ಅಂತ ಅವರು ಬರೆದು ಕೊಡಲಿ. ಅವರ ಫೀಸು ಉಳಿಸಲು ಹೋಗಬೇಡಿ. ನಗರಸಭೆಯ ಪರವಾನಗಿ ತಗೊಂಡೇ ಕಟ್ಟಿ. ಹೆಸ್ಕಾಂನಲ್ಲಿ ಎರಡನೇ ಮೀಟರಿಗೆ ಯಾವ ಕಾಗದ ಕೇಳುತ್ತಾರೆ ಅಂತ ಕಟ್ಟುವ ಮುಂಚೆ ವಿಚಾರಿಸಿ.

ಸರಳಿಗಿಂತ ಸೂಕ್ಷ್ಮವಾದದ್ದು ಮನೆ ಮಂದಿಯ ವಿಚಾರ. ನಿಮಗೆ ಅಣ್ಣ-ತಮ್ಮ, ಅಕ್ಕ-ತಂಗಿ ಇದ್ದಾರಾ ಅಂತ ನೀವು ಬರೆದಿಲ್ಲ. ಇದ್ದರೆ ಒಂದು ಇಟ್ಟಿಗೆ ಇಡುವ ಮುಂಚೆ ಎಲ್ಲರೂ ಕೂತು ಮಾತಾಡಿ. ಅಪ್ಪನ ಜಾಗದ ಮೇಲೆ ನಿಮ್ಮ ದುಡ್ಡಿನಲ್ಲಿ ಕಟ್ಟಿದ ಮನೆ ತಾನಾಗಿಯೇ ನಿಮ್ಮದಾಗುವುದಿಲ್ಲ. ಮನೆ ಅಪ್ಪನ ಸ್ವಂತ ದುಡಿಮೆಯದಾದರೆ ಮೇಲಿನ ಭಾಗವನ್ನು ಅವರು ದಾನಪತ್ರ ಮಾಡಿ ಕೊಡಬಹುದು. ಅಪ್ಪನಿಂದ ಮಗನಿಗೆ ಕೊಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಬೆಲೆಯ ಮೇಲೆ ನೂರಕ್ಕಿಷ್ಟು ಅಂತ ಮುದ್ರಾಂಕ ಶುಲ್ಕವಿಲ್ಲ, ಗೊತ್ತುಮಾಡಿದ ಸಣ್ಣ ಮೊತ್ತವಿದೆ. ಅಜ್ಜನಿಂದ ಬಂದ ಪಿತ್ರಾರ್ಜಿತವಾದರೆ ಎಲ್ಲರ ಪಾಲೂ ಇರುತ್ತದೆ, 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳದ್ದೂ ಸಮಪಾಲು. ಆಗ ಮೊದಲು ವಾಟ್ನಿ (ಪಾಲು ಹಂಚಿಕೆ), ಆಮೇಲೆ ಕಟ್ಟಡ. "ತಂಗಿ ಏನೂ ಕೇಳಂಗಿಲ್ರಿ" ಅಂತ ಇವತ್ತು ಎಲ್ಲರೂ ಅಂತಾರೆ. ಬಾಡಿಗೆ ಬರಲು ಶುರುವಾದ ಮೇಲೆ ಅಳಿಯಂದಿರು ಕೇಳುತ್ತಾರೆ!

ಬೆಟಗೇರಿ ಆಗದ ಮಾತು, ಹುಬ್ಬಳ್ಳಿಯದೇ ಬೇಕು ಅಂತಾದರೆ ಒಂದೇ ದಾರಿಯಲ್ಲಿ ನಾನು ಒಪ್ಪುತ್ತೇನೆ. ಕೆಳಗೆ ನೀವಿರಿ, ಮೇಲಿನದನ್ನು ಬಾಡಿಗೆಗೆ ಕೊಡಿ. ಮಾಳಮಡ್ಡಿಯ 12,000 ಉಳಿಯಿತು, ಮೇಲಿನ 9,000 ಬಂತು. ಕಂತಿಗೆ ಇನ್ನೂ 13,700 ಬೇಕು. ಅಷ್ಟನ್ನು ಒಬ್ಬರ ಸಂಬಳದಿಂದ ಕಷ್ಟವಿಲ್ಲದೆ ಕೊಡಲು ಆಗುತ್ತದೆ ಅನ್ನುವುದಾದರೆ ಮಾತ್ರ ಮುಂದೆ ಹೋಗಿ. ಬೆಲೆ ಇಳಿಸಿ ಕೇಳಿ, ಸಾಲ ಕಡಿಮೆ ಮಾಡಿ, ಆರು ತಿಂಗಳ ಕಂತು ಕೈಯಲ್ಲಿ ಇಟ್ಟುಕೊಳ್ಳಿ. ಶಾಲೆಗೆ ದಿನಾ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿಬರುವ ತ್ರಾಸು ಬೇರೆ, ಅದು ನಿಮಗೇ ಗೊತ್ತು.

ಆ ಮನೆ ನೋಡಲು ಮತ್ತೆ ಹೋದಾಗ ಹೊಸ ಬಣ್ಣ ನೋಡಬೇಡಿ. ಕಿಟಕಿಯ ಮೂಲೆಗಳನ್ನು ನೋಡಿ. ಹುಬ್ಬಳ್ಳಿ ಸುತ್ತ ಎರೆ ಭೂಮಿ ಜಾಸ್ತಿ. ಮಳೆಗಾಲದಲ್ಲಿ ಆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬುನಾದಿ ಗಟ್ಟಿಯಿಲ್ಲದಿದ್ದರೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಮಾರುವವರು ಅದನ್ನು ಪುಟ್ಟಿ ಹಚ್ಚಿ ಮುಚ್ಚಿರುತ್ತಾರೆ. ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಆಮೇಲೆ ನೀರು. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಅಷ್ಟು ದಿನಕ್ಕೆ ಎರಡು ಸಂಸಾರಕ್ಕೆ ಸಂಪು ಸಾಲುತ್ತದಾ ಅಂತ ಮಾಲೀಕರನ್ನಲ್ಲ, ಮೇಲಿನ ಮನೆಯ ಹೆಣ್ಣುಮಗಳನ್ನು ಕೇಳಿ. ನಿಜವಾಗಿ ಎಷ್ಟು ಬಾಡಿಗೆ ಕೊಡುತ್ತಾರೆ ಅನ್ನುವುದೂ ಅಲ್ಲಿಯೇ ತಿಳಿಯುತ್ತದೆ. ಮೀಟರು ಎರಡಿವೆಯಾ ನೋಡಿ. ಒಂದೇ ಇದ್ದರೆ ಎರಡು ಸಂಸಾರ ಸೇರಿ 200 ಯುನಿಟ್ ದಾಟಿದರೆ ಗೃಹಜ್ಯೋತಿ ತಪ್ಪುತ್ತದೆ, ತಿಂಗಳಾ ಬಿಲ್ಲಿನ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ.

ಕಾಗದದಲ್ಲಿ ಎನ್‌ಎ (ಕೃಷಿಯೇತರ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ (ಹುಡಾ) ಒಪ್ಪಿದ ಲೇಔಟು, ಪಾಲಿಕೆಯ ಇ-ಖಾತಾ, ಮೇಲ್ಮಹಡಿಗೂ ಪರವಾನಗಿ, 30 ವರ್ಷದ ಇಸಿ (ಋಣಭಾರ ಪತ್ರ). ಇವನ್ನು ಏಜಂಟನ ವಕೀಲರಿಗಲ್ಲ, ನೀವು ಫೀಸು ಕೊಟ್ಟ ವಕೀಲರಿಗೆ ತೋರಿಸಿ. ಹೊಲವನ್ನೇ ತುಂಡು ಮಾಡಿ ಮಾರುವ ಗುಂಟಾ ಪ್ಲಾಟು, ನೋಂದಣಿಯಿಲ್ಲದ ಬಾಂಡ್ ಪೇಪರಿನ ಖರೀದಿ ಅಂದರೆ ಎಷ್ಟು ಅಗ್ಗವಾದರೂ ಅಲ್ಲಿಂದಲೇ ವಾಪಸ್ ಬನ್ನಿ.

ದುಡ್ಡು ಕಡಿಮೆ ಬಿದ್ದರೆ "ಮೇಲಿನ ಮನಿ ಲೀಜಿಗೆ ಹಾಕ್ರಿ, ಒಮ್ಮೆಗೇ ಐದಾರು ಲಕ್ಷ ಬರ್ತದ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಆದಾಯವಲ್ಲ, ಸಾಲ. ಮೂರು ವರ್ಷಕ್ಕೆ ಪೂರ್ತಿ ತಿರುಗಿ ಕೊಡಬೇಕು, ಅಲ್ಲಿಯವರೆಗೆ ಬಾಡಿಗೆಯೂ ಇಲ್ಲ. ಮೊದಲ ಸಲದವರಿಗೆ ಇದು ಬೇಡವೇ ಬೇಡ.

ಬಾಡಿಗೆಗೆ ಕೊಡುವಾಗ 11 ತಿಂಗಳ ಕರಾರು ಮಾಡಿಸಿ. ಮನೆ ಬಿಡುವವರು ಆಷಾಢಕ್ಕೆ ಮುಂಚೆ ಬಿಡುವ ಹಾಗೆ ದಿನ ಗೊತ್ತುಮಾಡಿ, ಇಲ್ಲದಿದ್ದರೆ ಆ ಒಂದು ತಿಂಗಳು ಯಾರೂ ಹಾಲುಕ್ಕಿಸಲು ಬರುವುದಿಲ್ಲ. ಜಾತಿ, ಊಟ, ಮಕ್ಕಳೆಷ್ಟು ಅಂತ ಸೋಸುತ್ತಾ ಹೋದರೆ ಮನೆ ಖಾಲಿ ಇರುತ್ತದೆ. ಅದು ಸರಿಯೂ ಅಲ್ಲ, ಲಾಭವೂ ಅಲ್ಲ.

ಆದಾಯ ತೆರಿಗೆ ವಿಚಾರ ಸ್ವಲ್ಪ. ಬಾಡಿಗೆಯಿಂದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ನ್ನು ಲೆಕ್ಕ ಕೇಳದೆ ಬಿಡುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಕಳೆಯಬಹುದು. ಅದರಿಂದ ನಷ್ಟ ಕಂಡರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಲು ಬರುತ್ತದೆ, ಹೊಸ ಪದ್ಧತಿಯಲ್ಲಿ ಬರುವುದಿಲ್ಲ. ನೀವು ಯಾವುದರಲ್ಲಿದ್ದೀರಿ ನೋಡಿಕೊಳ್ಳಿ.

ಖರೀದಿ ಯಾರ ಹೆಸರಲ್ಲಿ ಅಂತ ಕೇಳಿದ್ದೀರಿ. ಹೆಂಗಸರ ಹೆಸರಿಗೆ ಮಾಡಿದರೆ ಮುದ್ರಾಂಕ ಶುಲ್ಕ ಕಡಿಮೆ ಅನ್ನುವುದು ಬೇರೆ ಕೆಲವು ರಾಜ್ಯಗಳ ಮಾತು, ಕರ್ನಾಟಕದಲ್ಲಿ ಇಲ್ಲ. ಕೆಲವು ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಚೂರು ಬಿಡುತ್ತವೆ, ನಿಮ್ಮ ಬ್ಯಾಂಕಿನಲ್ಲಿ ಕೇಳಿ. ದುಡ್ಡು ಇಬ್ಬರದೂ ಇದೆ. ಖರೀದಿ ಪತ್ರದಲ್ಲಿ ಇಬ್ಬರ ಹೆಸರೂ ಹಾಕಿಸಿ, ಯಾರದು ಎಷ್ಟು ಪಾಲು ಅಂತಲೂ ಬರೆಸಿ.

— ಸಂಪಾದಕ