ಏಳನೇ ಕ್ಲಾಸಿನ ಕೊನೆಯ ವಾರ: ಮಂಜೇಶ್ವರದಿಂದ ಬೆಂಗಳೂರಿನ ಗೆಳತಿಗೆ

"ಕೇರಳದ ಸ್ಕೂಲಲ್ಲಿ ಕನ್ನಡ ಬ್ಯಾನರ್ ಕಟ್ಟಿ ಸೆಂಡಾಫ್ ಮಾಡ್ತೀರಾ? ಮಕ್ಕಳಿಗೆ ಅರ್ಥ ಆಗುತ್ತಾ?" ಅಂತ ಫೋಟೋ ನೋಡಿ ಕೇಳಿದೆಯಲ್ಲ. ನೋಯಿಸಬೇಕು ಅಂತ ಕೇಳಿದ್ದಲ್ಲ, ಗೊತ್ತು. ಆದರೆ ಇದು ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಉತ್ತರ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅರ್ಥ ಆಗುತ್ತದೆ ಮಾರಾಯ್ತಿ. ಆ ಮಕ್ಕಳು ಒಂದನೇ ಕ್ಲಾಸಿನಿಂದಲೂ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಕನ್ನಡದಲ್ಲೇ ಕಲಿತವರು. ಪಠ್ಯಪುಸ್ತಕ ಕೇರಳ ಸರಕಾರದ್ದು, ಒಳಗಿರುವ ಅಕ್ಷರ ಕನ್ನಡ. ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಬರುತ್ತದೆ. ನನ್ನ ಕ್ಲಾಸಿನಲ್ಲಿ ಒಬ್ಬಳ ಮನೆಮಾತು ತುಳು, ಪಕ್ಕದವನದು ಬ್ಯಾರಿ. ಹಿಂದಿನ ಬೆಂಚಿನಲ್ಲಿ ಕೊಂಕಣಿ, ಮರಾಟಿ, ಮಲಯಾಳಂ, ಹವ್ಯಕ ಎಲ್ಲ ಇವೆ. ನಮ್ಮ ಮಂಜೇಶ್ವರ ಇರುವ ಕಾಸರಗೋಡು ಜಿಲ್ಲೆಯನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನಾನು ಅದನ್ನು ದಿನಾ ಹಾಜರಿ ಕರೆಯುವಾಗ ನೋಡುತ್ತೇನೆ. ಅಷ್ಟೂ ಮಕ್ಕಳು ಒಟ್ಟಿಗೆ ಓದಿ ಬರೆಯುವುದು ಕನ್ನಡದಲ್ಲಿ. ಆಟೋಗ್ರಾಫ್ ಪುಸ್ತಕದಲ್ಲಿ "ನನ್ನನ್ನು ಮರೆಯಬೇಡ" ಅಂತ ಬರೆದುಕೊಳ್ಳುವುದೂ ಕನ್ನಡದಲ್ಲೇ.

ಇಲ್ಲಿ ನಾಲ್ಕರವರೆಗೆ ಎಲ್.ಪಿ., ಅಂದರೆ ಲೋವರ್ ಪ್ರೈಮರಿ; ಏಳರವರೆಗೆ ಯು.ಪಿ., ಅಂದರೆ ಅಪ್ಪರ್ ಪ್ರೈಮರಿ. ಎಂಟನೇಗೆ ಹೈಸ್ಕೂಲು. ನಮ್ಮದು ಯು.ಪಿ. ಶಾಲೆ, ಹಾಗಾಗಿ ಏಳು ಮುಗಿದರೆ ಮಕ್ಕಳು ಹೊರಡಲೇಬೇಕು. ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ. ಆರನೇಯವರು ಸೆಂಡಾಫ್ ನಡೆಸಿಕೊಡುತ್ತಾರೆ. ಮಧ್ಯಾಹ್ನದ ಊಟಕ್ಕೆ ಅಡುಗೆಯ ಅಕ್ಕ ಪಾಯಸ ಮಾಡುತ್ತಾರೆ. ಗ್ರೂಪ್ ಫೋಟೋ, ಹಾಡು, ಅಳು. ಇದೆಲ್ಲ ನಿಮ್ಮಲ್ಲೂ ಇದ್ದದ್ದೇ.

ನಿಮ್ಮಲ್ಲಿ ಇಲ್ಲದ್ದು ಇನ್ನೊಂದಿದೆ. ಆ ವಾರ ಶಾಲೆಗೆ ಬರುವ ಪ್ರತಿಯೊಬ್ಬ ತಾಯಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾಳೆ: "ಟೀಚರ್, ಎಂಟನೇಗೆ ಕನ್ನಡಕ್ಕೆ ಹಾಕುವುದಾ, ಇಂಗ್ಲಿಷಿಗೆ ಹಾಕುವುದಾ?" ಟಿ.ಸಿ. ಕೈಗೆ ಸಿಗುವುದು ಆಮೇಲೆ. ತೀರ್ಮಾನ ಆಗುವುದು ಈ ವಾರದಲ್ಲೇ, ನಮ್ಮ ಜಗಲಿಯಲ್ಲೇ.

ಕನ್ನಡ ಕಲಿಸುವ ಟೀಚರ್ ಅಲ್ವಾ, ಕನ್ನಡಕ್ಕೆ ಹಾಕಿ ಅನ್ನುವುದು ಸುಲಭ ಅಂತ ನಿನಗೆ ಅನ್ನಿಸಬಹುದು. ಆದರೆ ಹೈಸ್ಕೂಲಿನ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದ ಅಧ್ಯಾಪಕರು ನೇಮಕವಾಗಿ ಬಂದದ್ದು ಇಲ್ಲಿ ಒಂದೆರಡು ಸಲ ಅಲ್ಲ. ಗಣಿತಕ್ಕೆ ಬಂದಿದ್ದಾರೆ, ಸಮಾಜ ವಿಜ್ಞಾನಕ್ಕೆ ಬಂದಿದ್ದಾರೆ. ಮಕ್ಕಳು ಕ್ಲಾಸು ಬಿಟ್ಟು ಅಂಗಳದಲ್ಲಿ ಕೂತು ಪ್ರತಿಭಟಿಸಿದ್ದಾರೆ. ಹೆತ್ತವರು ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಪುಸ್ತಕ ಕನ್ನಡದ್ದು, ಪರೀಕ್ಷೆ ಕನ್ನಡದ್ದು, ನಡುವೆ ನಿಂತು ವಿವರಿಸುವವರಿಗೆ ಮಾತ್ರ ಆ ಪುಸ್ತಕ ಓದಲು ಬರುವುದಿಲ್ಲ. ಆ ಅಧ್ಯಾಪಕರ ತಪ್ಪೂ ಅಲ್ಲ ಅದು. ಅವರೂ ಕೆಲಸ ಸಿಕ್ಕಿತು ಅಂತ ದೂರದ ಜಿಲ್ಲೆಯಿಂದ ಬಂದವರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಜ್ಞಾನದಲ್ಲಿ ಬಹಳ ಚುರುಕು. ಎಂಟನೇಗೆ ಹೋದ ಮೇಲೆ ಸಂಜೆ ಸಂಜೆ ನಮ್ಮ ಶಾಲೆಗೆ ಬರತೊಡಗಿದಳು, ಪುಸ್ತಕ ಹಿಡಿದುಕೊಂಡು. "ಟೀಚರ್, ಅವರು ಹೇಳಿದ್ದು ಗೊತ್ತಾಯಿತು, ಆದರೆ ಇದರಲ್ಲಿ ಬರೆದದ್ದು ಅದೇನಾ?" ಅಂತ ಕೇಳುತ್ತಿದ್ದಳು. ಅವಳಿಗೆ ಮಲಯಾಳಂ ಚೆನ್ನಾಗಿ ಬರುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆರೆಮನೆಯಲ್ಲಿ ಆಡಿಕೊಂಡೇ ಬೆಳೆದ ಮಾತದು. ಆದರೆ ವಿವರಣೆ ಒಂದು ಭಾಷೆ, ಉತ್ತರಪತ್ರಿಕೆ ಇನ್ನೊಂದು ಭಾಷೆ ಆದರೆ ಹದಿಮೂರು ವರ್ಷದ ಮಗು ಎಷ್ಟು ಅಂತ ಸುಧಾರಿಸುತ್ತದೆ, ಹೇಳು?

ಹಾಗಾದರೆ ಇಂಗ್ಲಿಷಿಗೆ ಹಾಕಿ ಅಂತ ಹೇಳಲಾ? ಅಲ್ಲಿಯೂ ಬಿಡಿಸಿ ಹೇಳುವುದು ಹೆಚ್ಚಾಗಿ ಮಲಯಾಳಂನಲ್ಲೇ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಜೂನಿನಲ್ಲಿ ಶಾಲೆ ತೆರೆದು ಆರನೇ ಕೆಲಸದ ದಿನ ಇಲ್ಲಿ ತಲೆಲೆಕ್ಕ ಮಾಡುತ್ತಾರೆ. ಮಕ್ಕಳ ಲೆಕ್ಕ ನೋಡಿ ಡಿವಿಜನ್, ಅಂದರೆ ನಿಮ್ಮಲ್ಲಿನ ಸೆಕ್ಷನ್. ಎಷ್ಟು ಡಿವಿಜನ್, ಅಷ್ಟು ಅಧ್ಯಾಪಕರ ಹುದ್ದೆ. ಕನ್ನಡ ಮಾಧ್ಯಮದಲ್ಲಿ ಮಕ್ಕಳು ಕಡಿಮೆಯಾದರೆ ಡಿವಿಜನ್ ಫಾಲ್, ಅಂದರೆ ಆ ಡಿವಿಜನ್ನೇ ಇಲ್ಲವಾಗುತ್ತದೆ. ಹುದ್ದೆ ಹೋಗುತ್ತದೆ, ಕನ್ನಡ ಬಲ್ಲ ಅಧ್ಯಾಪಕರು ಬೇರೆ ಕಡೆ ಹೋಗುತ್ತಾರೆ. ಮುಂದಿನ ವರ್ಷ ಹೆತ್ತವರು "ಅಲ್ಲಿ ಕನ್ನಡದವರೇ ಇಲ್ಲವಲ್ಲ ಟೀಚರ್" ಅನ್ನುತ್ತಾರೆ. ಮಕ್ಕಳು ಇನ್ನೂ ಕಡಿಮೆ. ನಾನು ಒಂದು ಮಗುವಿನ ಒಳ್ಳೆಯದಕ್ಕೆ ಅಂತ ಹೇಳಿದ ಮಾತು ಇನ್ನುಳಿದ ಮಕ್ಕಳ ಬೆಂಚನ್ನೇ ತೆಗೆಯಬಹುದು. ಸೆಂಡಾಫಿನ ದಿನ ನಾನು ಅಳುವುದು ಮಕ್ಕಳು ಹೋಗುತ್ತಾರಲ್ಲ ಅಂತ ಮಾತ್ರ ಅಲ್ಲ.

1956ರ ನವೆಂಬರ್ 1ರಂದು ರಾಜ್ಯಗಳನ್ನು ಹಂಚಿದಾಗ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರು ಪರಿಶೀಲಿಸಿದ ಮಹಾಜನ ಆಯೋಗದ ವರದಿ ಹೇಳಿತು. ಅದು ವರದಿಯಾಗಿಯೇ ಉಳಿಯಿತು. ಗಡಿ ಎಲ್ಲಿರಬೇಕು ಅಂತ ನಾನು ಇವತ್ತು ಜಗಳಕ್ಕೆ ನಿಂತಿಲ್ಲ. ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನೂ ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅಂತ ಅದರಲ್ಲಿದೆ. ಪ್ರಾಥಮಿಕ ಹಂತ ನನ್ನ ಏಳನೇ ಕ್ಲಾಸಿಗೆ ಮುಗಿಯಿತಲ್ಲ, ಆಮೇಲೆ? 2017ರಲ್ಲಿ ಹತ್ತನೇವರೆಗೆ ಮಲಯಾಳಂ ಕಡ್ಡಾಯ ಮಾಡುವ ಕಾಯ್ದೆ ಬಂದಾಗ ಇಲ್ಲಿನವರು ಬೀದಿಗಿಳಿದದ್ದು ಮಲಯಾಳಂ ಮೇಲಿನ ಸಿಟ್ಟಿಗಲ್ಲ. ಕನ್ನಡಕ್ಕೆ ಉಳಿದಿರುವ ಜಾಗ ಇನ್ನೂ ಸಣ್ಣದಾದೀತು ಅನ್ನುವ ಹೆದರಿಕೆಗೆ.

ನಿಮ್ಮ ಕಡೆಯದ್ದೂ ಹೇಳುತ್ತೇನೆ, ಬೇಸರ ಮಾಡಬೇಡ. ಇದೇ ಮಕ್ಕಳು ದೊಡ್ಡವರಾಗಿ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರು ಅಂತ ಸೀಟು ಕೇಳಿದರೆ ಕನ್ನಡ ಬರುತ್ತದೆ ಅಂತ ತೋರಿಸಲು ಬೇರೆ ಪರೀಕ್ಷೆ ಬರೆಯಬೇಕು. ಇಲ್ಲಿ ಕನ್ನಡದವರು, ಅಲ್ಲಿ ಕೇರಳದವರು. ಸುಮ್ನೆ ಕೇಳಿದ ನಿನ್ನ ಪ್ರಶ್ನೆ ನನಗೆ ಚುಚ್ಚಿದ್ದು ಅದಕ್ಕೇ.

ಈ ಸಲ ನಾನು ಯಾರಿಗೂ ಒಬ್ಬೊಬ್ಬರಿಗೇ ಉತ್ತರ ಹೇಳಿಲ್ಲ. ಏಳನೇ ಕ್ಲಾಸಿನ ಎಲ್ಲ ಹೆತ್ತವರನ್ನೂ ಒಟ್ಟಿಗೆ ಕೂರಿಸಿದೆ. ಕನ್ನಡ ಮಾಧ್ಯಮಕ್ಕೆ ಕನ್ನಡ ಓದಿ ಬರೆಯಬಲ್ಲ ಅಧ್ಯಾಪಕರನ್ನು ಜೂನ್ ಒಳಗೆ ಕೊಡಿ ಅಂತ ಮನವಿ ಬರೆದೆವು. ಬರೆದದ್ದು ಕನ್ನಡದಲ್ಲಿ, ಜೊತೆಗೆ ಮಲಯಾಳಂನಲ್ಲೂ ಒಂದು ಪ್ರತಿ. ಹೆಚ್ಚಿನವರು ಒಟ್ಟಾಗಿ ಒಂದೇ ಶಾಲೆಯ ಕನ್ನಡ ಡಿವಿಜನ್‌ಗೆ ಸೇರಿಸಲು ಒಪ್ಪಿದ್ದಾರೆ. ಒಟ್ಟಿಗಿದ್ದರೆ ಆರನೇ ದಿನದ ಲೆಕ್ಕದಲ್ಲಿ ಡಿವಿಜನ್ ಉಳಿಯುತ್ತದೆ. ಅಧ್ಯಾಪಕರು ಬರುವುದು ತಡವಾದರೆ ಶನಿವಾರ ನಾವೇ ಕ್ಲಾಸು ತೆಗೆದುಕೊಳ್ಳುತ್ತೇವೆ ಅಂತ ಶಾಲೆಯ ಇಬ್ಬರು ಟೀಚರುಗಳು ಹೇಳಿದ್ದೇವೆ.

ನಿನ್ನಿಂದ ಒಂದು ಸಹಾಯ ಬೇಕು. ನಿಮ್ಮಲ್ಲಿನ ಎಂಟನೇ ಕ್ಲಾಸಿನ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ಸಿಕ್ಕಿದರೆ ಕಳಿಸು. ಸಿಲೆಬಸ್ ಬೇರೆ ಆದರೂ ಪರವಾಗಿಲ್ಲ, ಕನ್ನಡದಲ್ಲಿ ವಿವರಿಸಿದ್ದು ಓದಲು ಸಿಕ್ಕಿದರೆ ಸಾಕು. ಹಳೆಯದಾದರೂ ಆಗುತ್ತದೆ. ಗಣಿತದ್ದೂ ಇದ್ದರೆ ಒಟ್ಟಿಗೆ ಹಾಕು. ಮೇ ಒಳಗೆ ಬಂದರೆ ಒಳ್ಳೆಯದು.