ರಿವಾಲ್ವರಿಗೆ ಆರೇ ತೋಟಾ

ನಿಮ್ಮ ಕತೆ ಓದಿದೆ. ಸಂಡೂರಿನ ಗಣಿ ಧಣಿ, ಅವನ ಬೆನ್ನು ಬಿದ್ದ ಸಬ್‌ಇನ್ಸ್‌ಪೆಕ್ಟರ್, ಮತದಾನದ ಹಿಂದಿನ ರಾತ್ರಿ ಅದಿರಿನ ಯಾರ್ಡಿನಲ್ಲಿ ಗುಂಡಿನ ಕಾಳಗ. ಕ್ಲೀನರ್ ಹುಡುಗರು ಕೆಂಪು ಧೂಳು ಮೆತ್ತಿದ ಕೈಯಲ್ಲೇ ಒಗ್ಗರಣಿ-ಮಿರ್ಚಿ ತಿನ್ನುವ ಪುಟವನ್ನು ಹಾಗೇ ಅಚ್ಚು ಹಾಕಬಹುದು. ಬಂದೂಕು ಹೊರಬಂದಿದ್ದೇ ತಡ, ಕಂಡದ್ದನ್ನು ಬಿಟ್ಟು ಸಿನಿಮಾ ಬರೆಯತೊಡಗಿದ್ದೀರಿ. ಈಗಿರುವ ಹಾಗೆ ಕತೆ ಪ್ರಕಟಿಸಲಾರೆವು.

ಧಣಿಯ ಕೈಗೆ .32 ರಿವಾಲ್ವರ್ ಕೊಟ್ಟದ್ದು ಸರಿ. 9 ಎಂಎಂ ಪಿಸ್ತೂಲಿಗೆ ಸಾಮಾನ್ಯ ನಾಗರಿಕರಿಗೆ ಲೈಸೆನ್ಸ್ ಸಿಗುವುದಿಲ್ಲ. ಆದರೆ ಪೆನ್ಸಿಲ್ ಹಿಡಿದು ಎಣಿಸಿದೆ: ಅವನು 13 ಸಲ ಹಾರಿಸಿದ್ದಾನೆ, ಒಮ್ಮೆಯೂ ತೋಟಾ ತುಂಬಿಲ್ಲ. ಅದು ಹಿಡಿಯುವುದೇ ಆರು. ಹೊಡೆದಾಗಲೆಲ್ಲ ಖಾಲಿ ತೋಟಾ ಠಣ್ಣೆಂದು ಬಿತ್ತು ಅಂದಿದ್ದೀರಿ. ಅದು ಪಿಸ್ತೂಲಿನ ಕತೆ. ರಿವಾಲ್ವರಿನಲ್ಲಿ ಅವು ಸಿಲಿಂಡರಿನೊಳಗೇ, ಅಂದರೆ ತೋಟಾ ಕೂರುವ ತಿರುಗುವ ಉರುಳೆಯೊಳಗೇ, ಉಳಿಯುತ್ತವೆ. ನಮ್ಮ ಸರ್ಕಾರಿ ಕಾರ್ಖಾನೆಯ .32 ಆದರೆ ಮೇಲಿನ ಕೊಂಡಿ ಬಿಡಿಸಿ ನಳಿಗೆಯನ್ನು ಕೆಳಕ್ಕೆ ಬಾಗಿಸಬೇಕು. ಆಗ ಆರೂ ಒಟ್ಟಿಗೆ ಮೇಲೆದ್ದು ಉದುರುತ್ತವೆ. ಆಮೇಲೆ ಹೊಸವನ್ನು ಒಂದೊಂದಾಗಿ ಕೂರಿಸಬೇಕು. ಕತ್ತಲು, ಬೆವರು, ಮಾತು ಕೇಳದ ಬೆರಳು. ನಾಲ್ಕನೆಯ ತೋಟಾ ಜಾರಿ ಅದಿರಿನ ಪುಡಿಯಲ್ಲಿ ಕಾಣೆ. ನಿಮ್ಮ ಕತೆ ಇರುವುದು ಆ ಅರ್ಧ ನಿಮಿಷದಲ್ಲಿ. ನೀವು ಅದನ್ನೇ ದಾಟಿಕೊಂಡು ಹೋಗಿದ್ದೀರಿ.

ಧಣಿಯ ರಿವಾಲ್ವರಿನ ತುದಿಗೆ ಸಿಕ್ಕಿಸಿದ, ಸದ್ದಡಗಿಸುವ ಸೈಲೆನ್ಸರ್ ಕಿತ್ತುಹಾಕಿ. ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯ ಸಂದಿದೆ. ಅನಿಲವೂ ಸದ್ದೂ ಅಲ್ಲಿಂದಲೇ ನುಗ್ಗುತ್ತವೆ. ತುದಿಗೆ ಏನು ಸಿಕ್ಕಿಸಿದರೂ ಅಷ್ಟೇ.

ಸಬ್‌ಇನ್ಸ್‌ಪೆಕ್ಟರ್ ನಾಲ್ಕು ಡೈಲಾಗಿಗೆ ನಾಲ್ಕು ಸಲ ಪಿಸ್ತೂಲಿನ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲ್ಭಾಗ, ಎಳೆಯುತ್ತಾನೆ. ಮೊದಲ ಎಳೆತಕ್ಕೆ ತೋಟಾ ನಳಿಗೆಯ ಬುಡದ ಚೇಂಬರಿಗೆ ಏರಿತು. ಉಳಿದ ಮೂರಕ್ಕೆ ಮೂರು ಜೀವಂತ ಗುಂಡು ನೆಲಕ್ಕೆ. ಮರುದಿನ ಲೆಕ್ಕ ಒಪ್ಪಿಸಬೇಕಾದವನು ಅವನೇ! ಪಿಸ್ತೂಲಿನ ತೋಟಾ ಡಬ್ಬಿ, ಮ್ಯಾಗಜಿನ್, ಖಾಲಿಯಾದ ಮೇಲೂ ಟಕ್ ಟಕ್ ಅನಿಸಿದ್ದೀರಿ. ಕೊನೆಯ ಗುಂಡು ಹೋದೊಡನೆ ಅವನ 9 ಎಂಎಂನ ಸ್ಲೈಡ್ ಹಿಂದೆ ಸರಿದು ಅಲ್ಲೇ ನಿಲ್ಲುತ್ತದೆ. ಪಿಸ್ತೂಲು ಬರಿದಾದದ್ದು ಎದುರಿನವನಿಗೂ ಕಾಣುತ್ತದೆ. ಇದು ಟಕ್ ಟಕ್‌ಗಿಂತ ಭಯಂಕರ.

ಗುಂಡು ತಗುಲಿ ಧಣಿ ಹತ್ತಡಿ ಹಿಂದಕ್ಕೆ ಹಾರುತ್ತಾನೆ. 8 ಗ್ರಾಂ ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಬಂದು ಮೈಯಲ್ಲೇ ಉಳಿದರೂ 70 ಕಿಲೋ ಆಳಿಗೆ ಸಿಗುವ ವೇಗ ಸೆಕೆಂಡಿಗೆ ನಾಲ್ಕು ಸೆಂಟಿಮೀಟರ್. ನಿಂತಲ್ಲೇ ಕುಸಿಯಲಿ. ಜೀಪಿನ ಬಾಗಿಲೂ ಮರೆಯಲ್ಲ, ಬರೀ ತಗಡು. ಅಡಗುವವನನ್ನು ಎಂಜಿನ್ನಿನ ಆಚೆ ಕೂರಿಸಿ. ತೂಕದ ಕೋಣೆಯೊಳಗೆ ಗುಂಡು ಹಾರಿದ ಮರುಕ್ಷಣ ಧಣಿ ಪಿಸುದನಿಯಲ್ಲಿ ತಪ್ಪೊಪ್ಪಿಕೊಳ್ಳುವುದೂ ಆಗದ ಮಾತು. ಮುಚ್ಚಿದ ಕೋಣೆಯಲ್ಲಿ 150 ಡೆಸಿಬೆಲ್ ಮೀರಿದ ಸದ್ದಾದ ಮೇಲೆ ಇಬ್ಬರಿಗೂ ಕಿವಿಯಲ್ಲಿ ಗುಂಯ್ ಎನ್ನುವುದೊಂದೇ.

ಇವೆಲ್ಲ ಒಂದು ಸಂಜೆಯ ತಿದ್ದುಪಡಿ. ಬುಡಕ್ಕೇ ಕೈ ಹಾಕುವುದು ಬೇರೆಯೇ ಇದೆ. ಚುನಾವಣೆ ಘೋಷಣೆಯಾದ ಮೇಲೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುತ್ತಾರೆ. ಬ್ಯಾಂಕ್ ಕಾವಲಿನವರಂಥ ಕೆಲವರಿಗೆ ವಿನಾಯಿತಿ. ಕೊಲೆ ಬೆದರಿಕೆ ಕೇಸಿರುವ ನಿಮ್ಮ ಧಣಿಯನ್ನು ಯಾರೂ ಬಿಡುವುದಿಲ್ಲ. ಹಾಗಿದ್ದರೆ ಆ ರಾತ್ರಿ ರಿವಾಲ್ವರ್ ಎಲ್ಲಿಂದ ಬಂತು? ಠಾಣೆಯ ರಿಜಿಸ್ಟರಿನಲ್ಲಿ ‘ಜಮಾ’ ಎಂದಿದ್ದು, ಬೀರುವಿನಲ್ಲಿ ಇಲ್ಲದಿದ್ದರೆ, ಸಹಿ ಯಾರದು? ಕತೆಯನ್ನು ಅಲ್ಲಿಂದ ಶುರು ಮಾಡಿ ನೋಡಿ.

ತಿದ್ದಿ ಕಳಿಸಿ. ಮಿರ್ಚಿಯ ಪುಟ ಮಾತ್ರ ಮುಟ್ಟಬೇಡಿ.