ನಾಲ್ಕು ಗಂಟೆಗೇ ಎದ್ದು ಪ್ರಾರ್ಥಿಸುತ್ತೇನೆ, ಆದರೂ ಸಮಾಧಾನವಿಲ್ಲ

ಪ್ರಶ್ನೆ: ನನಗೆ 39 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಮನೆಯಲ್ಲಿ ಗಂಡ, 14 ವರ್ಷದ ಮಗಳು, 9 ವರ್ಷದ ಮಗ, ಮಂಡಿ ನೋವಿನಿಂದ ಹೊರಗೆ ಹೋಗಲಾಗದ ಅತ್ತೆ ಇದ್ದಾರೆ. ಎರಡು ವರ್ಷದ ಹಿಂದೆ ಒಂದು ಧ್ಯಾನಕೂಟಕ್ಕೆ ಹೋಗಿ ಬಂದೆ. ಪವಿತ್ರವಾಗಿ ಬಾಳಬೇಕೆಂಬ ಆಸೆ ಅಲ್ಲಿಂದ ಶುರುವಾಯಿತು. ಈಗ ಬೆಳಗ್ಗೆ ನಾಲ್ಕಕ್ಕೆ ಎದ್ದು ಜಪಸರ (ರೋಸರಿ) ಮಾಡುತ್ತೇನೆ. ಮಧ್ಯಾಹ್ನ ಮೂರಕ್ಕೆ ಆಫೀಸಿನಲ್ಲೇ ದೈವ ಕರುಣೆಯ ಪ್ರಾರ್ಥನೆ, ರಾತ್ರಿ ಎಲ್ಲರನ್ನೂ ಕೂರಿಸಿ ಮತ್ತೆ ಜಪಸರ. ಬುಧವಾರ, ಶುಕ್ರವಾರ ಉಪವಾಸ. ಯೂಟ್ಯೂಬ್‌ನಲ್ಲಿ ಪ್ರಬೋಧನೆ ಕೇಳದೆ ಮಲಗುವುದಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಿಂದ ಮಕ್ಕಳ ಕೋಣೆಯಲ್ಲೇ ಮಲಗುತ್ತಿದ್ದೇನೆ. ‘ನೀನು ಕನ್ಯಾಮಠ ಸೇರಬೇಕಿತ್ತು’ ಎನ್ನುತ್ತಾರೆ ಗಂಡ. ಮೊನ್ನೆ ಮಗಳು ಜಪಸರಕ್ಕೆ ಬರಲ್ಲ ಎಂದು ಬಾಗಿಲು ಹಾಕಿಕೊಂಡಳು. ಸಿಟ್ಟಿನಲ್ಲಿ ಕೈ ಮಾಡಿಬಿಟ್ಟೆ. ಮನೆ ಕೆಲಸದವಳು ಪದೇ ಪದೇ ರಜೆ ಹಾಕಿ ನನ್ನ ಬೆಳಗಿನ ಪ್ರಾರ್ಥನೆ ಕೆಡಿಸುತ್ತಾಳೆ. ಈ ತಿಂಗಳು ನಾಲ್ಕು ದಿನದ ಸಂಬಳ ಹಿಡಿದೆ. ಮದುವೆಗೆ ಮುಂಚಿನ ಒಂದು ಪಾಪವನ್ನು ಗುರುಗಳ ಮುಂದೆ ಎಷ್ಟು ಸಲ ನಿವೇದಿಸಿದರೂ ಕ್ಷಮೆ ಸಿಕ್ಕಿದೆ ಅನ್ನಿಸುವುದಿಲ್ಲ. ಈ ಕಾಲದಲ್ಲಿ ಸಂಸಾರ, ನೌಕರಿ ಇಟ್ಟುಕೊಂಡು ಪವಿತ್ರವಾಗಿ ಬಾಳುವುದು ಆಗದ ಮಾತೇ? ಕೆಲಸ ಬಿಡಲೇ? ನನ್ನ ಕರೆಯೇ ಬೇರೆ ಇತ್ತೇ?
ಹೆಸರು ಬೇಡ, ಬೆಂಗಳೂರು

ಉತ್ತರ: ಕೆಲಸ ಬಿಡಬೇಡಿ. ಈ ಕಾರಣಕ್ಕಂತೂ ಬೇಡವೇ ಬೇಡ. ಆಫೀಸು ತಪ್ಪಿದರೆ ಸಿಗುವ ಎಂಟು ಗಂಟೆಗೂ ನೀವು ಒಂದೊಂದು ಪ್ರಾರ್ಥನೆ ಹುಡುಕಿಡುತ್ತೀರಿ. ಆಮೇಲೂ ಸಾಲದು ಅನ್ನಿಸುತ್ತದೆ. ಯಾಕೆ ಸಾಲುತ್ತಿಲ್ಲ ಅನ್ನುವುದಕ್ಕೆ ಉತ್ತರ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ನಮ್ಮ ಕಥೋಲಿಕ ಧರ್ಮಸಭೆ ನಿಮ್ಮಿಂದ ಕಡ್ಡಾಯವಾಗಿ ಕೇಳುವುದೆಷ್ಟು ನೋಡಿ. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆ (ಮಾಸ್). ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ. ಪಾಸ್ಕ (ಈಸ್ಟರ್) ಕಾಲದಲ್ಲಿ ಒಮ್ಮೆಯಾದರೂ ಪರಮಪ್ರಸಾದ (ಕಮ್ಯುನಿಯನ್). ಗೊತ್ತುಮಾಡಿದ ದಿನಗಳಲ್ಲಿ ಉಪವಾಸ, ಮಾಂಸ ಬಿಡುವುದು. ಕೈಲಾದಷ್ಟು ಧರ್ಮಸಭೆಯ ಖರ್ಚಿಗೆ ನೆರವು. ಉಪವಾಸದ ದಿನಗಳಂತೂ ವರ್ಷಕ್ಕೆ ಎರಡೇ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದವರಿಗೆ. ಆ ದಿನವೂ ಒಂದು ಪೂರ್ತಿ ಊಟಕ್ಕೆ ಅಡ್ಡಿಯಿಲ್ಲ. ಜಪಸರ ಕಡ್ಡಾಯವಲ್ಲ, ಮೂರು ಗಂಟೆಯ ಪ್ರಾರ್ಥನೆಯೂ ಕಡ್ಡಾಯವಲ್ಲ. ಮಾಡಬೇಡಿ ಅಂತ ಹೇಳುತ್ತಿಲ್ಲ, ಎಲ್ಲವೂ ಒಳ್ಳೆಯದೇ. ಆದರೆ ಅವನ್ನೆಲ್ಲ ನೀವು ಬ್ಯಾಂಕ್ ಸಾಲದ ಕಂತು ಕಟ್ಟುವ ಹಾಗೆ ಕಟ್ಟುತ್ತಿದ್ದೀರಿ. ಅಕೌಂಟ್ಸ್‌ನವರಲ್ವಾ, ಒಂದು ದಿನ ತಪ್ಪಿದರೆ ಬಡ್ಡಿಯನ್ನೂ ಸೇರಿಸುತ್ತೀರೇನೋ!

ಕರೆಯೇ ಬೇರೆ ಇತ್ತೇ ಎಂದು ಕೇಳಿದ್ದೀರಿ. ಫ್ರಾನ್ಸಿನ ಕನ್ಯಾಸ್ತ್ರೀ ಸಂತ ಪುಟ್ಟ ತೆರೇಸಾ ನಮಗೆಲ್ಲ ಗೊತ್ತು. ಅವರ ಅಪ್ಪ ಅಮ್ಮನ ಕಥೆ ಅಷ್ಟಾಗಿ ಗೊತ್ತಿಲ್ಲ. ಅಪ್ಪ ಲೂಯಿ ಮಾರ್ಟಿನ್ ಸನ್ಯಾಸಿಯಾಗಲು ಆಲ್ಪ್ಸ್ ಬೆಟ್ಟದ ಮೇಲಿನ ಮಠಕ್ಕೆ ಹೋಗಿದ್ದರು. ಲ್ಯಾಟಿನ್ ಬರುವುದಿಲ್ಲ ಎಂದು ಸೇರಿಸಿಕೊಳ್ಳಲಿಲ್ಲ. ಅಮ್ಮ ಜೆಲಿ ಕನ್ಯಾಮಠ ಸೇರಲು ಕೇಳಿಕೊಂಡಿದ್ದರು. ಅಲ್ಲೂ ಆಗಲಿಲ್ಲ. 1858ರಲ್ಲಿ ಇಬ್ಬರಿಗೂ ಮದುವೆಯಾಯಿತು. ಲೂಯಿ ಅವರದು ಗಡಿಯಾರದ ಅಂಗಡಿ. ಜೆಲಿ ಅಲಾನ್ಸೋನ್ ಊರಿನಲ್ಲಿ ಲೇಸ್ ವ್ಯಾಪಾರ ನಡೆಸುತ್ತಿದ್ದರು, ಬೇರೆ ಹೆಂಗಸರಿಗೆ ಕೆಲಸ ಕೊಟ್ಟು ನಡೆಸುವ ವ್ಯಾಪಾರ. ಒಂಬತ್ತು ಮಕ್ಕಳು ಹುಟ್ಟಿದರು, ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಜೆಲಿ 45ಕ್ಕೇ ಸ್ತನ ಕ್ಯಾನ್ಸರಿನಿಂದ ಹೋದರು. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಈ ಗಂಡ ಹೆಂಡತಿಯನ್ನು ಒಟ್ಟಿಗೇ ಸಂತರೆಂದು ಸಾರಿದರು. ಮಠ ಸೇರಿಸಿಕೊಳ್ಳದ ಇಬ್ಬರೂ ಈಗ ಪೀಠದ ಮೇಲಿದ್ದಾರೆ!

ಅವರ ಮದುವೆಯ ಇನ್ನೊಂದು ಸಂಗತಿ ನಿಮಗೆ ಹೇಳಲೇಬೇಕು. ಮೊದಲ ಹತ್ತು ತಿಂಗಳು ಅವರು ಅಣ್ಣ ತಂಗಿಯ ಹಾಗೆ ಬಾಳಿದರು. ಅದೇ ಹೆಚ್ಚು ಪವಿತ್ರ ಎಂದುಕೊಂಡಿದ್ದರು. ಕೊನೆಗೆ ಪಾಪನಿವೇದನೆ ಕೇಳುವ ಗುರುಗಳೇ ಹಾಗಲ್ಲ ಎಂದು ತಿಳಿಹೇಳಿದರು.

ಮಕ್ಕಳ ಕೋಣೆಯಲ್ಲಿ ಮಲಗುವ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಹಾಗೆ ದಾಟಿಹೋಗಲು ಆಗುತ್ತಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯ ತೆಗೆದು ಓದಿ. ಪ್ರಾರ್ಥನೆಗಾಗಿ ಗಂಡ ಹೆಂಡತಿ ದೂರ ಇರಬಹುದು. ಆದರೆ ಇಬ್ಬರೂ ಒಪ್ಪಿರಬೇಕು, ಸ್ವಲ್ಪ ಕಾಲ ಮಾತ್ರ ಇರಬೇಕು, ಆಮೇಲೆ ಮತ್ತೆ ಕೂಡಬೇಕು. ನಿಮ್ಮ ಗಂಡನನ್ನು ನೀವು ಕೇಳಿದ್ದಿರಾ? ತಪಸ್ಸು ಕಾಲ ಮುಗಿದು ಎಷ್ಟು ತಿಂಗಳಾಯಿತು? ವಿವಾಹವೂ ಏಳು ಸಂಸ್ಕಾರಗಳಲ್ಲಿ ಒಂದು. ಕನ್ಯಾಮಠದ ಮಾತನ್ನು ಅವರು ಕುಹಕಕ್ಕೆ ಆಡಿದ್ದಾರೆ ಎಂದು ನೀವು ತಿಳಿದಿದ್ದೀರಿ. ಒಂಟಿಯಾಗಿಬಿಟ್ಟೆ ಅನ್ನುವ ಸಂಕಟಕ್ಕೆ ಆಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ. (ನಿಮ್ಮಿಬ್ಬರ ನಡುವೆ ಬೇರೇನೋ ನೋವಿದ್ದು ಪ್ರಾರ್ಥನೆ ಬರೀ ನೆಪವಾಗಿದ್ದರೆ, ಅದು ಬೇರೆ ಮಾತು. ಆಗ ಅದನ್ನೇ ಬಿಚ್ಚಿ ಬರೆಯಿರಿ.)

ಸಂಸಾರದ ನಡುವೆ ಪ್ರಾರ್ಥನೆ ಕೆಡುವುದು ಈ ಕಾಲದ ತೊಂದರೆಯೇನಲ್ಲ. ರೋಮಿನ ಸಂತ ಫ್ರಾನ್ಸೆಸ್ಕಾ (1384–1440) ದೊಡ್ಡ ಮನೆತನದ ಸೊಸೆ. ಒಮ್ಮೆ ಮಾತೆ ಮರಿಯಮ್ಮನವರ ಪ್ರಾರ್ಥನೆ ಓದುತ್ತಾ ಕೂತಿದ್ದಾಗ ಮನೆಯವರು ನಾಲ್ಕು ಸಲ ಕರೆದರಂತೆ. ನಾಲ್ಕು ಸಲವೂ ಎದ್ದು ಹೋದರು, ಬಂದು ಅದೇ ಸಾಲಿನಿಂದ ಶುರುಮಾಡಿದರು. ಕೊನೆಯ ಸಲ ಬಂದು ನೋಡಿದರೆ ಆ ಸಾಲು ಪುಸ್ತಕದಲ್ಲಿ ಚಿನ್ನದ ಅಕ್ಷರವಾಗಿತ್ತು ಎನ್ನುತ್ತದೆ ಕಥೆ. ಹೆಂಡತಿಯಾದವಳು ಕರೆ ಬಂದಾಗ ಪೀಠದ ಮುಂದಿನ ದೇವರನ್ನು ಬಿಟ್ಟು ಮನೆಗೆಲಸದಲ್ಲಿರುವ ದೇವರನ್ನು ಹುಡುಕಿಕೊಂಡು ಹೋಗಬೇಕು ಎಂಬ ಅರ್ಥದ ಮಾತೊಂದು ಅವರ ಹೆಸರಿನಲ್ಲಿದೆ. ನಮ್ಮ ಮನೆಗಳಲ್ಲಿ ಚಿನ್ನದ ಅಕ್ಷರ ಮೂಡುವುದಿಲ್ಲ, ವಾಪಸ್ ಬರುವಷ್ಟರಲ್ಲಿ ಹಾಲು ಉಕ್ಕಿರುತ್ತದೆ. ಆದರೂ ಆ ಹೆಂಗಸು ನಾಲ್ಕನೇ ಸಲ ಎದ್ದಾಗಲೂ ಯಾರ ಮೇಲೂ ರೇಗಲಿಲ್ಲ ನೋಡಿ. ನನಗೆ ಪವಾಡ ಅನ್ನಿಸುವುದು ಅದೇ.

ಈಗ ಹೇಳುವುದು ನಿಮಗೆ ಹಿಡಿಸಲಿಕ್ಕಿಲ್ಲ. ಮನೆ ಕೆಲಸದವರು ತಿಂಗಳಿಗೆ ನಾಲ್ಕು ದಿನ ಬರಲಿಲ್ಲ ಅಂದರೆ ವಾರಕ್ಕೊಂದು ರಜೆ ಆಯಿತು. ನಿಮ್ಮ ಕಂಪನಿ ನಿಮ್ಮ ವಾರದ ರಜೆಗೆ ಸಂಬಳ ಹಿಡಿಯುತ್ತದಾ? ಬೈಬಲಿನ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ದೇವರು ಏಳನೇ ದಿನದ ವಿಶ್ರಾಂತಿ ಕೊಟ್ಟಿದ್ದು ಯಜಮಾನನಿಗೆ ಮಾತ್ರ ಅಲ್ಲ. ನಿನ್ನ ಹಾಗೆಯೇ ನಿನ್ನ ದಾಸ ದಾಸಿಯರಿಗೂ ವಿಶ್ರಾಂತಿ ಸಿಗಲಿ ಎಂದು ಬಿಡಿಸಿ ಹೇಳಿದ್ದಾರೆ. ಆಳುಗಳಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತದೆ ಎಂದು ಸಂತ ಯಾಕೋಬರ ಪತ್ರದಲ್ಲಿದೆ. ಪರಲೋಕಕ್ಕೆ ಕೇಳುವಂತೆ ಮೊರೆಯಿಡುವ ಪಾಪಗಳು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ (ಕ್ಯಾಟೆಕಿಸಂ) ಒಂದು ಸಣ್ಣ ಪಟ್ಟಿ ಇದೆ. ಕೆಲಸದವರ ಕೂಲಿಯಲ್ಲಿ ಮಾಡುವ ಅನ್ಯಾಯವೂ ಅದರಲ್ಲಿ ಸೇರಿದೆ. ಹಾಗಂತ ಇದನ್ನು ಓದಿದ ತಕ್ಷಣ ಪಾಪನಿವೇದನೆಗೆ ಓಡಬೇಡಿ, ನಿಮ್ಮ ಸ್ವಭಾವ ಗೊತ್ತಾಯಿತು. ಮೊದಲು ಆ ನಾಲ್ಕು ದಿನದ ದುಡ್ಡು ಕೊಡಿ. ಯಾಕೆ ಬರಲಾಗಲಿಲ್ಲ ಅಂತ ಕೂರಿಸಿ ಕೇಳಿ. ಯಾವ ದಿನ ರಜೆ ಅಂತ ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ, ನಿಮಗೂ ಬೆಳಗ್ಗೆ ಗೊಂದಲ ಇರುವುದಿಲ್ಲ.

ಮಗಳ ಹತ್ತಿರ ಕ್ಷಮೆ ಕೇಳಿ. ‘ಆದರೆ ನೀನೂ…’ ಎಂದು ಬಾಲ ಸೇರಿಸದೆ ಕೇಳಿ. ಹದಿನಾಲ್ಕರ ಹುಡುಗಿಗೆ ಜಪಸರ ಮತ್ತು ಏಟು ಜೊತೆಯಾಗಿ ನೆನಪಾದರೆ ಆಮೇಲೆ ಬಿಡಿಸುವುದು ಕಷ್ಟ. ಪೋಪ್ ಫ್ರಾನ್ಸಿಸ್ 2018ರಲ್ಲಿ ಪವಿತ್ರತೆಯ ಬಗ್ಗೆಯೇ ಒಂದು ಪ್ರೇರಣಾ ಪತ್ರ ಬರೆದರು. ಅದರಲ್ಲಿ ಅವರು ಕೊಟ್ಟ ಉದಾಹರಣೆ ಮಾರ್ಕೆಟಿಗೆ ಹೋದ ಒಬ್ಬ ಹೆಂಗಸು. ದಾರಿಯಲ್ಲಿ ಪಕ್ಕದ ಮನೆಯಾಕೆ ಸಿಗುತ್ತಾಳೆ, ಮಾತು ಇನ್ನೊಬ್ಬರ ಚಾಡಿಗೆ ತಿರುಗುತ್ತದೆ, ಈಕೆ ಮನಸ್ಸಿನಲ್ಲೇ ಬೇಡ ಅಂದುಕೊಳ್ಳುತ್ತಾಳೆ. ಮನೆಗೆ ಬಂದರೆ ಮಗು ಏನೋ ತನ್ನ ಕನಸು ಹೇಳಲು ಕಾಯುತ್ತಿದೆ. ಸುಸ್ತಾಗಿದ್ದರೂ ಕೂತು ಕೇಳುತ್ತಾಳೆ. ಇವೇ ಪವಿತ್ರತೆಯ ಒಂದೊಂದು ಹೆಜ್ಜೆ ಎನ್ನುತ್ತಾರೆ ಪೋಪ್. ಆ ಹೆಂಗಸು ಜಪಸರವನ್ನೂ ಮಾಡುತ್ತಾಳೆ, ಚಿಂತೆಯ ಹೊತ್ತಿನಲ್ಲಿ. ಮಗು ಮಾತಾಡಿ ಮುಗಿಸಿದ ಮೇಲೆ!

ಕಾರ್ಲೋ ಅಕ್ಯುಟಿಸ್ ಎಂಬ ಹುಡುಗನ ಹೆಸರು ನಿಮ್ಮ ಮಗಳಿಗೆ ಗೊತ್ತಿದ್ದರೂ ಗೊತ್ತಿರಬಹುದು. ಕಂಪ್ಯೂಟರ್ ಹುಚ್ಚಿನ ಇಟಲಿಯ ಹುಡುಗ. 2006ರಲ್ಲಿ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಸಂತನಾದ. ಅವನು ಚಿಕ್ಕವನಿದ್ದಾಗ ಅವನ ಅಮ್ಮ ಚರ್ಚಿಗೆ ಹೋಗುವವರೇ ಅಲ್ಲ. ಮಗನ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಅಮ್ಮ ವಿಶ್ವಾಸಕ್ಕೆ ಬಂದರು. ಅಂದರೆ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಎಳೆದು ಕೂರಿಸಿದ್ದಲ್ಲ, ಒಬ್ಬರ ಖುಷಿ ನೋಡಿ ಇನ್ನೊಬ್ಬರು ಬಂದದ್ದು. ರಾತ್ರಿ ಜಪಸರದ ಐದು ದಶಕದ (ಹತ್ತು ಮಣಿಯ ಸುತ್ತು) ಬದಲು ಒಂದೇ ದಶಕ ಇಟ್ಟುಕೊಳ್ಳಿ. ಹತ್ತು ನಮೋ ಮರಿಯಾ, ಐದು ನಿಮಿಷವೂ ಹಿಡಿಯುವುದಿಲ್ಲ. ಯಾರಿಗಾಗಿ ಪ್ರಾರ್ಥಿಸಬೇಕು ಎಂದು ದಿನಕ್ಕೊಬ್ಬರು ಹೇಳಲಿ. ಮಗ ನಾಯಿಮರಿಗಾಗಿ ಅಂದರೂ ಸರಿ. ಉಳಿದ ನಾಲ್ಕು ದಶಕ ನೀವು ಬಸ್ಸಿನಲ್ಲೋ ಮೆಟ್ರೋದಲ್ಲೋ ಮುಗಿಸಿದರೆ ಮಾತೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಆ ಹಳೆಯ ಪಾಪ. ಇಷ್ಟೆಲ್ಲ ಪ್ರಾರ್ಥನೆಯ ಬೇರು ಇಲ್ಲೇ ಇದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮುಚ್ಚಿಡದೆ, ಪಶ್ಚಾತ್ತಾಪದಿಂದ ನಿವೇದಿಸಿ ಗುರುಗಳಿಂದ ಪಾಪಕ್ಷಮೆ ಪಡೆದ ಮೇಲೆ ಅದು ಮುಗಿಯಿತು. ಕ್ಷಮೆ ಸಿಕ್ಕಿದ ಹಾಗೆ ಮನಸ್ಸಿಗೆ ಅನ್ನಿಸಲೇಬೇಕು ಎಂಬ ಷರತ್ತು ಎಲ್ಲೂ ಇಲ್ಲ. ಈ ಕಾಟ ಸಂತ ಇಗ್ನೇಷಿಯಸ್ ಲೊಯೋಲಾ ಅವರನ್ನೇ ಬಿಟ್ಟಿರಲಿಲ್ಲ. 1522ರಲ್ಲಿ ಅವರು ಸ್ಪೇನಿನ ಮೊನ್ಸೆರಾಟ್ ಮಠದಲ್ಲಿ ಜೀವನದ ಪಾಪಗಳನ್ನೆಲ್ಲ ಬರೆದುಕೊಂಡು ನಿವೇದಿಸಿದರು. ಆಮೇಲೆ ಮಾನ್ರೆಸಾ ಊರಿನಲ್ಲಿದ್ದಾಗ, ಏನೋ ಬಿಟ್ಟುಹೋಗಿದೆ ಎಂದು ಅದನ್ನೇ ಮತ್ತೆ ಮತ್ತೆ ಹೇಳತೊಡಗಿದರು. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರೂ ನೆಮ್ಮದಿಯಿಲ್ಲ. ಜೀವ ಕಳೆದುಕೊಳ್ಳುವ ಯೋಚನೆಯೂ ಬಂತು. ಶಾಂತಿ ಸಿಗುವವರೆಗೆ ತಿನ್ನುವುದಿಲ್ಲ ಎಂದು ಒಂದು ವಾರ ಊಟ ಬಿಟ್ಟರು. ಪಾಪನಿವೇದನೆ ಕೇಳುವ ಗುರುಗಳು ಊಟ ಮಾಡು ಎಂದು ಆಜ್ಞೆ ಮಾಡಿದರು. ಅವರು ಮಾಡಿದರು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಹೊರಬಂದರು. ಮುಂದೆ ಯೇಸುಸಭೆ (ಜೆಸ್ವಿಟ್ ಸಂಘ) ಕಟ್ಟಿದ್ದು ಇದೇ ಮನುಷ್ಯ.

ನೀವೂ ಒಬ್ಬರೇ ಗುರುಗಳನ್ನು ಗೊತ್ತುಮಾಡಿಕೊಳ್ಳಿ. ವಾರಕ್ಕೊಂದು ಚರ್ಚು ಹುಡುಕಬೇಡಿ. ‘ಫಾದರ್, ನನಗೆ ಹೀಗೊಂದು ಕಾಟ ಇದೆ’ ಎಂದು ಮೊದಲೇ ಹೇಳಿ. ಅದನ್ನು ಇನ್ನು ಹೇಳಬೇಡ ಅಂದರೆ ಹೇಳಬೇಡಿ, ಉಪವಾಸ ಕಡಿಮೆ ಮಾಡು ಅಂದರೆ ಮಾಡಿ. ನಿಮಗೆ ಉಪವಾಸಕ್ಕಿಂತ ಈ ವಿಧೇಯತೆಯೇ ಕಷ್ಟವಾಗುತ್ತದೆ, ನೋಡಿ ಬೇಕಾದರೆ. ಅದೇ ಯೋಚನೆ ದಿನವಿಡೀ ಸುತ್ತುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಒಂದು ಪ್ರಾರ್ಥನೆ ಸರಿಯಾಗಲಿಲ್ಲ ಎಂದು ಮೊದಲಿನಿಂದ ಹೇಳುತ್ತಿದ್ದರೆ ವೈದ್ಯರನ್ನೂ ಕಾಣಿ. ಗೀಳು ಕಾಯಿಲೆ (ಒಸಿಡಿ) ಭಕ್ತಿಯ ವೇಷ ಹಾಕಿಕೊಂಡೂ ಬರುತ್ತದೆ. ನಿಮ್ಮ ಊರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಬೇರೆ ಕ್ಲಿನಿಕ್ ಇದೆ. ವೈದ್ಯರ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ ನಂಬಬೇಡಿ.

ಯೂಟ್ಯೂಬ್ ಪ್ರಬೋಧನೆಗೆ ಒಂದು ತಿಂಗಳು ರಜೆ ಕೊಡಿ. ಒಳ್ಳೆಯವರೂ ಇದ್ದಾರೆ. ಆದರೆ ನಿಮ್ಮಂಥವರಿಗೆ ಸದ್ಯಕ್ಕೆ ನರಕದ ವರ್ಣನೆ ಜಾಸ್ತಿ ಇಷ್ಟವಾಗುತ್ತಿರುತ್ತದೆ, ಅದನ್ನು ಕೇಳಿ ಮಲಗಿದರೆ ನಾಲ್ಕಕ್ಕೇ ಎಚ್ಚರವಾಗದೆ ಇನ್ನೇನು? ಒಂಬತ್ತು ಜನಕ್ಕೆ ಫಾರ್ವರ್ಡ್ ಮಾಡದಿದ್ದರೆ ಕೇಡಾಗುತ್ತದೆ ಎಂಬ ವಾಟ್ಸ್ಆ್ಯಪ್ ಪ್ರಾರ್ಥನೆಗಳನ್ನು ಓದದೆಯೇ ಅಳಿಸಿ. ಅದು ಮೂಢನಂಬಿಕೆ. ಮಲಗುವ ಮುನ್ನ ಆ ದಿನದ ಶುಭಸಂದೇಶ ಓದಿದರೆ ಸಾಕು.

ಇನ್ನು ಅತ್ತೆ. ಇಡೀ ಪತ್ರದಲ್ಲಿ ಅವರಿಗೆ ನೀವು ಕೊಟ್ಟದ್ದು ಒಂದು ಮಂಡಿ ನೋವು ಮಾತ್ರ. ಹೊರಗೆ ಹೋಗಲಾಗದವರಿಗೆ ಗುರುಗಳು ಅಥವಾ ಸಿಸ್ಟರ್‌ಗಳು ಮನೆಗೇ ಪರಮಪ್ರಸಾದ ತಂದುಕೊಡುತ್ತಾರೆ. ಧರ್ಮಕೇಂದ್ರದ ಕಚೇರಿಗೆ ಫೋನ್ ಮಾಡಿ ಹೆಸರು ಬರೆಸಿ. ಮನೆಯಲ್ಲಿ ಅವರ ಜೊತೆ ಯಾರಾದರೂ ಇರಲೇಬೇಕು ಅಂದರೆ ನೀವು ಮತ್ತು ಮಗಳು ಶನಿವಾರ ಸಂಜೆಯ ಬಲಿಪೂಜೆಗೆ ಹೋಗಿ, ಗಂಡ ಮತ್ತು ಮಗ ಭಾನುವಾರ ಬೆಳಗ್ಗೆ ಹೋಗಲಿ. ಶನಿವಾರ ಸಂಜೆಯದೂ ಭಾನುವಾರದ ಲೆಕ್ಕಕ್ಕೇ ಬರುತ್ತದೆ. ಬರುವ ದಾರಿಯಲ್ಲಿ ಮಗಳಿಗೆ ಪಾನಿಪೂರಿ ಕೊಡಿಸಿ, ಶನಿವಾರ ನಿಮಗೆ ಉಪವಾಸ ಇಲ್ಲವಲ್ಲ.